ಹಳೆಯ ಗೀಸರ್: ರಿಪೇರಿ ಸಾಕಾ, ಹೊಸದೇ ಬೇಕಾ?

ನಲ್ಲಿನೀರು:
9 ವರ್ಷದ 15 ಲೀಟರ್ ಸ್ಟೋರೇಜ್ ಗೀಸರ್, 2000 ವಾಟ್, ಬೋರ್‌ವೆಲ್ ನೀರು. ಕೆಳಗಿನಿಂದ ಹನಿ ಬೀಳುತ್ತಿದೆ. ಎರಡು ಬಕೆಟ್ ಬರುತ್ತಿದ್ದ ಬಿಸಿನೀರು ಒಂದಕ್ಕೇ ಮುಗಿಯುತ್ತಿದೆ. ಆಗೊಮ್ಮೆ ಈಗೊಮ್ಮೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತೆ. ನೋಡಲು ಬಂದವರು ಮುಚ್ಚಳ ಕೂಡ ಬಿಚ್ಚದೆ “ಹೊಸದು ಹಾಕಿಸಿ” ಅಂದರು. ಒಪ್ಪಬಹುದಾ?

ಹಂಡೆಒಲೆ:
ಒಪ್ಪಿ. 8 ವರ್ಷ ದಾಟಿದ ಗೀಸರ್‌ಗೆ, ಅದೂ ಬೋರ್ ನೀರಲ್ಲಿ, ದುಡ್ಡು ಸುರಿಯಬಾರದು. ಇವತ್ತು ನೀರು ಕಾಯಿಸುವ ಕಾಯಿಲ್, ನಾಳೆ ಕಾದ ಮೇಲೆ ಕರೆಂಟ್ ಕಟ್ ಮಾಡುವ ಥರ್ಮೋಸ್ಟಾಟ್, ನಾಡಿದ್ದು ಟ್ಯಾಂಕ್. ಸುಣ್ಣ ಕಟ್ಟಿದ ಕಾಯಿಲ್ ಕರೆಂಟ್ ಬಿಲ್ ಬೇರೆ ಏರಿಸುತ್ತೆ.

ತಂತಿಜೋಡಿ:
ಬಿಲ್ ವಿಷಯ ಸರಿಯಲ್ಲ ಸರ್. ಕಾಯಿಲ್ ನೀರಿನೊಳಗೇ ಮುಳುಗಿರುತ್ತೆ, ಅದರ ಶಾಖ ನೀರಿಗೆ ಬಿಟ್ಟು ಬೇರೆಲ್ಲಿಗೂ ಹೋಗಲಾರದು. ಗ್ಯಾಸ್ ಗೀಸರ್‌ನಲ್ಲಿ ಸುಣ್ಣ ಕಟ್ಟಿದರೆ ಶಾಖ ಹೊಗೆಯ ಜೊತೆ ಆಚೆ ಹೋಗುತ್ತೆ ನಿಜ, ಕರೆಂಟಿನದರಲ್ಲಿ ಹಾಗಾಗಲ್ಲ. ಸುಣ್ಣ ಮಾಡುವ ಹಾನಿಯೇ ಬೇರೆ: ಶಾಖ ಬೇಗ ಹೊರಬರಲಾಗದೆ ಕಾಯಿಲ್‌ನ ಕವಚ ಅತಿಯಾಗಿ ಕಾದು ಸೀಳುತ್ತೆ, ಸೀಳಿನಲ್ಲಿ ನೀರು ಇಳಿದು ಲೀಕೇಜ್ ಕರೆಂಟ್ ಶುರುವಾಗುತ್ತೆ. ನಿಮ್ಮ ಆರ್‌ಸಿಸಿಬಿ ಟ್ರಿಪ್ ಆಗೋದಕ್ಕೆ ನನ್ನ ಮೊದಲ ಅನುಮಾನ ಅಲ್ಲೇ.

ಬಿಸಿನೀರು ಕಡಿಮೆಯಾಗಿರೋದೂ ಸುಣ್ಣದ ಕೆಲಸವೇ ಇರಬಹುದು. ಉದುರಿದ ಪುಡಿ ತಳದಲ್ಲಿ ಕೂತು ಥರ್ಮೋಸ್ಟಾಟ್ ಕೊಳವೆಯನ್ನು ಮುಚ್ಚಿದರೆ ಅಲ್ಲಿ ಮಾತ್ರ ಬೇಗ ಕಾದು ಕರೆಂಟ್ ಕಟ್ ಆಗುತ್ತೆ, ಮೇಲಿನ ನೀರು ಇನ್ನೂ ಉಗುರುಬೆಚ್ಚಗಿರುತ್ತೆ. ಲೆಕ್ಕ ಹಾಕಿ ನೋಡಿ: 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 2000 ವಾಟ್‌ಗೆ ಸುಮಾರು 18 ನಿಮಿಷ ಬೇಕು. ತಣ್ಣೀರು ತುಂಬಿರುವಾಗ ಗೀಸರ್ ಹಾಕಿ, ಕಾಯುತ್ತಿದೆ ಅಂತ ತೋರಿಸುವ ಅದರ ದೀಪ 8–10 ನಿಮಿಷಕ್ಕೇ ಆರಿದರೆ ಇದೇ ಕಾರಣ, ಇಲ್ಲವೇ ಥರ್ಮೋಸ್ಟಾಟ್ ಕೆಟ್ಟಿದೆ. ದೀಪ ಪೂರ್ತಿ ಹೊತ್ತು ಉರಿದೂ ನೀರು ಬೇಗ ತಣ್ಣಗಾದರೆ, ಒಳಬರುವ ಪೈಪಿನ ತುದಿಯಲ್ಲಿ ತಣ್ಣೀರನ್ನು ತಳದಲ್ಲೇ ಹರಡುವ ಪ್ಲಾಸ್ಟಿಕ್ ಡಿಫ್ಯೂಸರ್ ಮುರಿದು ತಣ್ಣೀರು ನೇರ ಮೇಲಕ್ಕೆ ಚಿಮ್ಮುತ್ತಿರಬಹುದು. ವೋಲ್ಟೇಜನ್ನೂ ಮರೆಯಬೇಡಿ. 230ರ ಬದಲು 200 ಇದ್ದರೆ 2000 ವಾಟ್ ಕಾಯಿಲ್ ಕೊಡೋದು 1500ರಷ್ಟೇ.

ಇವೆಲ್ಲ ಬದಲಿಸಬಹುದಾದ ಭಾಗಗಳು. ಗೀಸರ್‌ನ ಆಯುಸ್ಸು ಅಂದರೆ ಟ್ಯಾಂಕಿನ ಆಯುಸ್ಸು. ಅದನ್ನು ನೋಡದೆ ತೀರ್ಪು ಕೊಡಬಾರದು.

ಅರ್ಥಿಂಗ್:
ಟ್ರಿಪ್ ಆಗುತ್ತಿರುವಷ್ಟು ದಿನ ಆ ಗೀಸರ್ ಹಾಕಲೇಬೇಡಿ. ಆರ್‌ಸಿಸಿಬಿ ಬೈಪಾಸ್ ಮಾಡಿಕೊಡ್ತೀನಿ ಅನ್ನುವವರನ್ನು ಮನೆಯೊಳಗೇ ಬಿಡಬೇಡಿ.

ಪರೀಕ್ಷೆ ಹೀಗೆ: ಎಂಸಿಬಿ ಇಳಿಸಿ, ಕಾಯಿಲ್‌ನ ಎರಡೂ ವೈರ್ ಬಿಚ್ಚಿ, ಟರ್ಮಿನಲ್‌ಗಳ ನಡುವೆ ಮೀಟರ್ ಇಡಿ. 2000 ವಾಟ್‌ಗೆ 26 ಓಮ್ ಆಸುಪಾಸು ಬರಬೇಕು. ಆಮೇಲೆ ಟರ್ಮಿನಲ್‌ಗೂ ಕವಚಕ್ಕೂ ನಡುವೆ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಇಡಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಕಾಯಿಲ್ ಬದಲಿಸಿ. ಸಾದಾ ಮಲ್ಟಿಮೀಟರ್ ಕೆಲವೇ ವೋಲ್ಟ್ ಕೊಡೋದರಿಂದ ಈ ದೋಷ ಎಷ್ಟೋ ಸಲ ಅದಕ್ಕೆ ಸಿಗಲ್ಲ. ಹನಿ ನೀರು ಟರ್ಮಿನಲ್ ಮೇಲೆ ಬಿದ್ದರೂ ಟ್ರಿಪ್ ಆಗುತ್ತೆ, ಒರೆಸಿ ಒಣಗಿಸಿಯೇ ಅಳೆಯಿರಿ.

ನಲ್ಲಿನೀರು:
ಹನಿ ಎಲ್ಲಿಂದ ಅಂತ ಗುರುತಿಸೋದು ಹೇಗೆ? ಕಾಯುವಾಗ ಜಾಸ್ತಿ, ಆಮೇಲೆ ನಿಲ್ಲುತ್ತೆ.

ತಂತಿಜೋಡಿ:
ಕಾಯುವಾಗ ಮಾತ್ರ ಅಂದರೆ, ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವ್‌ನ ಬಾಯಿ ನೋಡಿ. 25ರಿಂದ 60ಕ್ಕೆ ಕಾದ 15 ಲೀಟರ್ ನೀರು ಸುಮಾರು 200 ಮಿಲಿ ಹಿಗ್ಗುತ್ತೆ. ಒಳಬರುವ ಪೈಪಿನ ನಾನ್-ರಿಟರ್ನ್ ವಾಲ್ವ್ ನೀರನ್ನು ಹಿಂದಕ್ಕೆ ಬಿಡಲ್ಲ, ಹಾಗಾಗಿ ಸೇಫ್ಟಿ ವಾಲ್ವ್‌ನಿಂದ ಹನಿಯುತ್ತೆ. ಅದು ದೋಷವಲ್ಲ. ದಯವಿಟ್ಟು ಅದಕ್ಕೆ ಡಮ್ಮಿ ಹಾಕಿ ಮುಚ್ಚಬೇಡಿ, ಥರ್ಮೋಸ್ಟಾಟ್ ಅಂಟಿಕೊಂಡ ದಿನ ಟ್ಯಾಂಕೇ ಸಿಡಿದೀತು.

ವಾಲ್ವ್ ಒಣಗಿದ್ದರೆ ಕೆಳಮುಚ್ಚಳ ಬಿಚ್ಚಿ ಟಾರ್ಚ್ ಬಿಡಿ. ಫ್ಲಾಂಜ್ (ಕಾಯಿಲ್ ಕೂರಿಸಿ ಬೋಲ್ಟ್ ಹಾಕಿರುವ ತಟ್ಟೆ) ಸುತ್ತ ಒದ್ದೆಯಿದ್ದರೆ ಅದರ ಸೀಲ್, ಅಂದರೆ ಗ್ಯಾಸ್ಕೆಟ್ ಬದಲಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯಿರಿ. ಫ್ಲಾಂಜ್ ಒಣಗಿದ್ದು, ಸುತ್ತಲಿನ ಹಳದಿ ಫೋಮ್ ಒತ್ತಿದಾಗ ತುಕ್ಕಿನ ನೀರು ಒಸರಿದರೆ ಟ್ಯಾಂಕ್ ತೂತಾಗಿದೆ. ಅಲ್ಲಿಗೆ ಮುಗಿಯಿತು. ವೆಲ್ಡಿಂಗ್ ಮಾಡಿಸಿದರೆ ಒಳಗೆ ತುಕ್ಕು ತಡೆಯುವ ಗಾಜಿನ ಪದರ (ಗ್ಲಾಸ್ ಲೈನಿಂಗ್) ಆ ಶಾಖಕ್ಕೆ ಒಡೆದು ಪಕ್ಕದಲ್ಲೇ ಮತ್ತೆ ತೂತು ಬೀಳುತ್ತೆ.

ಹಂಡೆಒಲೆ:
ಬಿಲ್ ವಿಷಯ ಒಪ್ಪಿದೆ. ಆದರೆ 9 ವರ್ಷದಲ್ಲಿ ಆನೋಡ್ ರಾಡ್ ಒಮ್ಮೆಯೂ ಬದಲಿಸಿರದಿದ್ದರೆ? ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಡುವ ಮೆಗ್ನೀಷಿಯಮ್ ಅದು. ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ತಿರುಗುತ್ತೆ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಇರುವ ಮನೆಯಲ್ಲಿ ಇನ್ನೂ ಬೇಗ ಸವೆಯುತ್ತೆ. ಅಂಥ ಟ್ಯಾಂಕ್ ಇವತ್ತು ಸೋರದಿದ್ದರೂ ಹೊಸ ಕಾಯಿಲ್ ಹಾಕೋದು ವ್ಯರ್ಥ.

ತಂತಿಜೋಡಿ:
ಅಷ್ಟು ನಿಮ್ಮ ಮಾತೇ ಸರಿ. ಹೇಗಿದ್ದರೂ ಕಾಯಿಲ್ ತೆಗೆಯಬೇಕಲ್ಲ, ಆಗ ರಾಡ್ ನೋಡಿ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಟ್ಯಾಂಕ್ ನಂಬಬಹುದು. ಬರೀ ತಂತಿ ಉಳಿದಿದ್ದು, ಬಿಸಿನೀರು ಮಾತ್ರ ಕೆಂಪಗೆ ಬಂದು ತಣ್ಣೀರು ತಿಳಿಯಾಗಿದ್ದರೆ ಗೀಸರನ್ನೇ ಬದಲಿಸಿ. ಎರಡೂ ಕೆಂಪಾಗಿದ್ದರೆ ತಪ್ಪು ಪೈಪಿನದು.

ಅರ್ಥಿಂಗ್:
ತಳದ ಸುಣ್ಣವನ್ನು ಕೈಯಲ್ಲೇ ಬಳಿದು ತೆಗೆಯಿರಿ, ಸ್ಕ್ರೂಡ್ರೈವರ್‌ನಿಂದ ಕೆರೆದರೆ ಲೈನಿಂಗ್ ಹಾಳು. ಹೊಸದು ಹಾಕಿಸುವುದೇ ಆದರೆ ಕಾಯಿಲ್ ಮತ್ತು ರಾಡ್ ಕೆಳಕ್ಕೆ ಎಳೆಯುವಷ್ಟು ಜಾಗ ಬಿಟ್ಟು ತೂಗುಹಾಕಿಸಿ, ಇಲ್ಲದಿದ್ದರೆ ರಾಡ್ ನೋಡಲು ಪ್ರತಿ ಸಲ ಗೋಡೆಯಿಂದ ಗೀಸರನ್ನೇ ಇಳಿಸಬೇಕಾಗುತ್ತೆ.