ಅತ್ತಾಕಿಗಿ ಮಾಫಿ, ಸುಮ್ನಿದ್ದಾಕಿಗಿ ದಂಡ: ಇದಕ್ಕ ಏನನ್ಬೇಕ್ರಿ?

ಪುಸ್ತಕ ಬರಿಯಾಕಿ (ಆಳಂದ ತಾಲ್ಲೂಕು)

ಎಲ್ಲಾರಿಗೂ ಶರಣ್ರಿ. ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ನಾ ಬರೀತೀನಿ. ಮೆಂಬರ್ ನಾನಲ್ಲ, ನಮ್ಮ ಅತ್ತಿ. ಸೊಸಿ ಪಿಯುಸಿ ಓದ್ಯಾಳ ಅಂತ ಪುಸ್ತಕ ನನ್ನ ಕೈಗಿ ಬಂದದ. ಸಭಾದಾಗ ಕೂಡ್ತೀನಿ, ಬರೀತೀನಿ, ಬಾಯಿ ತೆಗಿಯಂಗಿಲ್ಲ.

ಹೋದ ತಿಂಗಳು ಆದದ್ದು ಕೇಳ್ರಿ. ಇಬ್ಬರು ಹೆಣ್ಮಕ್ಕಳು. ಹೆಸರು ಬ್ಯಾಡ, ಸಣ್ಣಾಕಿ, ದೊಡ್ಡಾಕಿ ಅನ್ನೂಣು. ಇಬ್ಬರೂ ಸಂಘದಾಗ 15,000 ಸಾಲ ತಗೊಂಡಾರ, ತಿಂಗಳಿಗಿ ನೂರಕ್ಕ 2 ರೂಪಾಯಿ ಬಡ್ಡಿ. ಇಬ್ಬರದೂ ಮೂರು ಕಂತು ನಿಂತಾವ. ಕಂತು ತಪ್ಪಿದ್ರ 50 ರೂಪಾಯಿ ದಂಡ ಅಂತ ಠರಾವು ಪುಸ್ತಕದಾಗ ಎಲ್ಲಾರೂ ಸಹಿ ಮಾಡ್ಯಾರ, ಸಹಿ ಬರಲಾರದವರು ಹೆಬ್ಬೆಟ್ಟು ಒತ್ಯಾರ.

ಸಣ್ಣಾಕಿ ಗಂಡ ಪುಣೆಕ್ಕ ಬಿಲ್ಡಿಂಗ್ ಕೆಲಸಕ್ಕ ಹೋಗಿದ್ದ, ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ಬಂದಾನ. ಅಕಿ ಕೂಸಿನ್ನ ಬಗಲಾಗ ಇಟಗೊಂಡು ಬಂದಳು, ಸೆರಗು ಬಾಯಿಗಿ ಹಿಡಕೊಂಡು ಅತ್ತಳು. ಅವ್ವನ್ನ ನೋಡಿ ಕೂಸೂ ಅತ್ತಿತು. ನಮ್ಮ ಅತ್ತಿ ಕಣ್ಣು ಒರಸಿಕೊಂಡಳು, ಪ್ರೆಸಿಡೆಂಟ್ ಅಕ್ಕನೂ ಒರಸಿಕೊಂಡಳು. ಚಾ ಬರೋದರೊಳಗ ದಂಡ ಮಾಫಿ, ಮೂರು ತಿಂಗಳ ಬಡ್ಡಿನೂ ಮಾಫಿ.

ದೊಡ್ಡಾಕಿ ಗಂಡ ಸತ್ತು ವರ್ಷಗಳಾದವು. ಎರಡು ಎಕರೆ ತೊಗರಿ ಹಾಕಿದ್ದಳು, ಹೂವಿಗಿ ಬಂದಾಗ ನೆಟೆ ರೋಗ ಬಿತ್ತು. ಗಿಡ ನಿಂತಲ್ಲೇ ಒಣಗಿ ಕಟಗಿ ಆಗಿದ್ದು ಊರಿಗೆಲ್ಲಾ ಗೊತ್ತು. ಅಕಿ ಗ್ವಾಡಿಗಿ ಆನಿಸಿ ಕೂತು, ಎಲಿ ಅಡಕಿ ಜಗಿಯೂತ, "ರೊಕ್ಕ ಇಲ್ಲ. ಬಂದ ಮ್ಯಾಲ ಕಟ್ತೀನಿ" ಅಂದಳು. ಅಷ್ಟೇ. "ಸೊಕ್ಕು ನೋಡು ಅಕಿಂದು" ಅಂತ ಹಿಂದಿನಿಂದ ಯಾರೋ ಅಂದ್ರು. "ರೂಲ್ ಅಂದ್ರ ರೂಲ್" ಅಂದ್ರು ಇನ್ನೊಬ್ಬರು. ದಂಡ 150, ಬಡ್ಡಿ ಪೂರ್ತಿ. ನಾನೇ ಬರದೆ.

ಸಣ್ಣಾಕಿಗಿ ದುಃಖ ಇಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ಅಕಿ ಗಂಡನ ದವಾಖಾನಿ ಖರ್ಚು ಮುಕಾದಮ ಕೊಟ್ಟಾನ, ಮಾವನ ಹೊಲದಾಗ ಬೋರ್ ಅದ. ದೊಡ್ಡಾಕಿಗಿ ತೊಗರಿ ಬಿಟ್ರ ಬ್ಯಾರೆ ಏನೂ ಇಲ್ಲ.

ಮನ್ಯಾಗ ಕೇಳಿದ್ರ ಅತ್ತಿ ಅಂತಾಳ: "ನೋಡಿ ಹೊಟ್ಟಿ ಚುರ್ ಅಂತು, ಬಿಟ್ವಿ. ಹೊಟ್ಟ್ಯಾಗ ಹುಟ್ಟಲಾರದ್ದು ಧರ್ಮ ಹ್ಯಾಂಗಾಗ್ತದ?" ಮನಿಯವರು ಅಂತಾರ: "ಮಾಫಿ ಅನ್ನೋದೇ ಇರಬಾರದು. ಬ್ಯಾಂಕಿನವರು ಅಳು ಕೇಳ್ತಾರೇನು?" ನನಗ ಇಬ್ಬರ ಮಾತೂ ಒಪ್ಪಿಗಿ ಆಗವಲ್ಲದು. ಮನಸ್ಸಿಗಿ ಬಿಟ್ರ ಅಳಲಿಕ್ಕ ಬರೋರು ಗೆಲ್ತಾರ. ಪುಸ್ತಕಕ್ಕ ಬಿಟ್ರ ಇಬ್ಬರಿಗೂ ದಂಡ, ಅದು ಸಮ ಅದ ಖರೆ, ನ್ಯಾಯ ಹೌದೇನು? ತಿಳಿದವರು ಹೇಳ್ರಿ.

ಹಳೇ ಮಾಸ್ತರ (ಬೀದರ್)

ತಂಗಿ, ನಿಮ್ಮ ಮನೆಯಲ್ಲಿ ಆದ ಜಗಳ ಯುರೋಪಿನಲ್ಲಿ 18ನೇ ಶತಮಾನದಲ್ಲಿ ದೊಡ್ಡ ದೊಡ್ಡ ತಲೆಗಳು ಆಡಿದ ಜಗಳವೇ. ನಿಮ್ಮ ಅತ್ತೆಯವರ ಮಾತನ್ನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739-40ರಲ್ಲಿ ಹೇಳಿದ: ಬುದ್ಧಿ ಭಾವನೆಗಳ ಆಳು, ಆಳಾಗಿಯೇ ಇರಬೇಕು. ಬರೀ ತರ್ಕಕ್ಕೆ ಯಾವುದೂ ಬೇಕು ಅನ್ನಿಸುವುದಿಲ್ಲ, ಯಾವುದೂ ಬೇಡ ಅನ್ನಿಸುವುದೂ ಇಲ್ಲ. ಗಿಡ ಒಣಗಿದೆ ಅಂತ ಬುದ್ಧಿ ಹೇಳಬಹುದು, ಪಾಪ ಅನ್ನುವುದು ಅದರ ಕೆಲಸವಲ್ಲ. ನಿಮ್ಮ ಯಜಮಾನರ ಮಾತಿಗೆ ಹತ್ತಿರ ಬರುವವನು ಜರ್ಮನಿಯ ಕಾಂಟ್, 1785. ಕರುಣೆ ಉಕ್ಕಿ ಸಹಾಯ ಮಾಡಿದರೆ ಅದು ಒಳ್ಳೆಯದೇ, ಆದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಅಂದ. ತನ್ನ ದುಃಖದಲ್ಲೇ ಮುಳುಗಿ ಯಾರ ಮೇಲೂ ಕರುಣೆ ಹುಟ್ಟದವನು, ಕರ್ತವ್ಯ ಅಂತ ಎದ್ದು ಹೋಗಿ ಸಹಾಯ ಮಾಡಿದರೆ ಅದಕ್ಕೆ ಬೆಲೆ. (ಯಜಮಾನರು ಇಷ್ಟಕ್ಕೇ ಉಬ್ಬಬಾರದು. ಬ್ಯಾಂಕಿನವರು ಕೇಳಲ್ಲ ಅನ್ನುವುದು ಕಾಂಟ್ ಒಪ್ಪುವ ಕಾರಣವಲ್ಲ.)

ನಿಮಗೆ ಬೇಕಾದದ್ದು ಬೇರೆ. ಕರುಣೆ ಹತ್ತಿರದವರ ಕಡೆ ವಾಲುತ್ತದೆ ಅಂತ ಹ್ಯೂಮನಿಗೇ ಗೊತ್ತಿತ್ತು. ನಾವು ನಿಂತ ಜಾಗ ಬಿಟ್ಟು, ಎಲ್ಲರಿಗೂ ಒಪ್ಪುವ ಒಂದು ಜಾಗದಲ್ಲಿ ನಿಂತು ನೋಡಿ ಅದನ್ನು ತಿದ್ದಿಕೊಳ್ಳಬೇಕು ಅಂದ. ಅವನ ಗೆಳೆಯ ಆಡಂ ಸ್ಮಿತ್ 1759ರಲ್ಲಿ ಇನ್ನೂ ಖಾರವಾಗಿ ಬರೆದ: ಚೀನಾ ದೇಶವೇ ಭೂಕಂಪದಲ್ಲಿ ಮುಳುಗಿತು ಅಂತ ಕೇಳಿದವನು ಒಂದಿಷ್ಟು ಮರುಗಿ, ರಾತ್ರಿ ಗೊರಕೆ ಹೊಡೆಯುತ್ತಾನೆ, ನಾಳೆ ತನ್ನ ಕಿರುಬೆರಳು ಹೋಗುತ್ತದೆ ಅಂದರೆ ಅವನಿಗೆ ನಿದ್ದೆಯಿಲ್ಲ. ಆದರೂ ಬೆರಳು ಉಳಿಸಿಕೊಳ್ಳಲು ಅಷ್ಟು ಜನರ ಪ್ರಾಣ ಕೊಡುತ್ತೀಯಾ ಅಂದರೆ ಬೆಚ್ಚಿಬೀಳುತ್ತಾನೆ. ಹಾಗೆ ಬೆಚ್ಚಿಸುವುದು ಮರುಕವಲ್ಲ, ಎದೆಯೊಳಗೆ ಕೂತ ಪಕ್ಷಪಾತವಿಲ್ಲದ ನೋಡುಗ, ಅಂತ ಸ್ಮಿತ್.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1995ರಲ್ಲಿ ಜನರಿಗೆ ಕಾಯಿಲೆ ಬಿದ್ದ ಒಬ್ಬ ಹುಡುಗಿಯ ಕತೆ ಕೇಳಿಸಿದರು. ಅವಳು ಸಹಾಯದ ಸರದಿಯಲ್ಲಿ ಕಾಯುತ್ತಿದ್ದಾಳೆ, ಅವಳಿಗಿಂತ ಹೆಚ್ಚು ಗರಜು ಇರುವ ಮಕ್ಕಳು ಮುಂದಿದ್ದಾರೆ. ಅವಳ ಮನಸ್ಸಿಗೆ ಹೇಗಾಗುತ್ತಿದೆ ಅಂತ ಕಲ್ಪಿಸಿಕೊಳ್ಳಿ ಅಂದಾಗ, ಸರದಿ ಮುರಿದು ಅವಳನ್ನು ಮುಂದೆ ಹಾಕಿದವರು ಬಹಳ ಹೆಚ್ಚಾದರು. ನಿಮ್ಮ ಸಂಘದವರು ಕೆಟ್ಟವರಲ್ಲ ತಂಗಿ, ಅವರು ಮಾಡಿದ್ದು ಅದನ್ನೇ.

ಬಸವಕಲ್ಯಾಣ ನಮ್ಮ ಜಿಲ್ಲೆಯದು, ಆದ್ದರಿಂದ ಇದೊಂದು ಹೇಳಿಬಿಡುತ್ತೇನೆ. ದಯವೇ ಧರ್ಮದ ಮೂಲ ಅಂದ ಬಸವಣ್ಣ ನಿಮ್ಮ ಅತ್ತೆಯವರ ಪಕ್ಷ ಅನ್ನಿಸುತ್ತದೆ. ಆದರೆ ಆ ವಚನ ಕೇಳುವ ದಯೆ ಎದುರಿಗೆ ಬಂದು ಅತ್ತವರ ಮೇಲೆ ಮಾತ್ರ ಅಲ್ಲ, ಇರುವ ಎಲ್ಲ ಜೀವಿಗಳ ಮೇಲೆ. ಗ್ವಾಡೆಗೆ ಒರಗಿ ಕೂತವಳೂ ಅದರಲ್ಲಿ ಬಂದಳು.

ಸೇಡಂ ಹುಡುಗ (ಈಗ ಬೆಂಗಳೂರು)

ಅಕ್ಕಾ, ಇದಕ್ಕ ಒಂದು ಎಕ್ಸೆಲ್ ಶೀಟ್ ಸಾಕು. ಹೊಲ ಎಷ್ಟು, ದುಡಿಯೋರು ಎಷ್ಟು, ತಿನ್ನೋರು ಎಷ್ಟು, ಬ್ಯಾರೆ ಸಾಲ ಎಷ್ಟು. ಅಂಕ ಹಾಕ್ರಿ, ಇಷ್ಟಕ್ಕಿಂತ ಕಮ್ಮಿ ಬಂದ್ರ ಮಾಫಿ. ಯಾರು ಅತ್ರು ಅನ್ನೋ ಕಾಲಮ್ಮೇ ಇರಂಗಿಲ್ಲ. ಬೇಕಾದ್ರ ನಾನೇ ಮಾಡಿ ಕಳಸ್ತೀನಿ.

ಗಂಜ್ ಕಾಕಾ (ಯಾದಗಿರಿ)

ತಮ್ಮಾ, ಲೆಕ್ಕದ ಮ್ಯಾಲ ಇಷ್ಟು ಭರೋಸಾ ಇಡಬ್ಯಾಡ. ನಮ್ಮ ಮುತ್ತ್ಯಾನ ಹೊಲ ಲೆಕ್ಕದಾಗೇ ಹೋಯ್ತು. ಸಾವುಕಾರನ ವಹಿ ನಮ್ಮಪ್ಪ ಕೂತು ಓದಸ್ಯಾನ, ಒಂದು ಪೈಸಾ ಹೆಚ್ಚುಕಮ್ಮಿ ಇದ್ದಿಲ್ಲ. ಬಡ್ಡಿ ಸರಿ, ಚಕ್ರಬಡ್ಡಿ ಸರಿ, ತಾರೀಕು ಸರಿ. ಎಲ್ಲಾ ಸರಿ ಇದ್ದು ನಾವು ಬೀದಿಗಿ ಬಿದ್ವಿ. ನಾ ಜಿಂದಗಿ ತುಂಬಾ ಅಡತಿ ಅಂಗಡ್ಯಾಗ ಪಟ್ಟಿ ಬರದೀನಿ. ತರ್ಕ ಯಾವತ್ತೂ ವಹಿ ಯಾರ ಕೈಯಾಗ ಅದ ಅವರ ಕಡಿಗೇ ಮಾತಾಡೋದು ನೋಡೀನಿ.

ಅವ್ವಾ ಪುಸ್ತಕ ಬರಿಯಾಕಿ, ನಿಮ್ಮ ಅತ್ತಿ ಹೇಳಿದ್ದೇ ಖರೆ. ಒಬ್ಬಾಕಿಗರೇ ಬಿಟ್ರಲ್ಲ. ಅದನ್ನೂ ಕಿತ್ತಿ ಇಬ್ಬರಿಗೂ ದಂಡ ಹಾಕಸಬ್ಯಾಡ.

ಕ್ಯಾಜುವಲ್ಟಿ ಸಿಸ್ಟರ್ (ಕಲಬುರಗಿ)

ಓದಿ ಸುಮ್ನಿರಲಿಕ್ಕ ಆಗಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಬರೀಲಿಕ್ಹತ್ತೀನಿ, ತಪ್ಪಿದ್ರ ತಿದ್ದಕೋರಿ.

ನಮ್ಮಲ್ಲಿ ಮೊದಲು ಕಲಸೋದೇ ಇದು: ಒದರೋ ಪೇಷಂಟಿಗಿಂತ ಸುಮ್ನಿದ್ದ ಪೇಷಂಟಿಗಿ ಅಂಜಬೇಕು. ಜೋರಾಗಿ ಒದರ್ತಾನ ಅಂದ್ರ ಅವನ ಉಸಿರಿನ ದಾರಿ ತೆರೆದದ, ಮೈಯಾಗ ಶಕ್ತಿ ಅದ. ಬಸ್ ಪಲ್ಟಿ ಆಗಿ ಒಮ್ಮೆಲೇ ಮಂದಿ ಬಂದ್ರ ಕೆಂಪು, ಹಳದಿ, ಹಸಿರು, ಕಪ್ಪು ಅಂತ ಪಟ್ಟಿ ಕಟ್ತೀವಿ. ಎದ್ದು ನಡಿಯಾಕ ಬರೋರು ಹಸಿರು, ಎಷ್ಟೇ ಅಳಲಿ. ಉಸಿರು ನಿಮಿಷಕ್ಕ 30 ದಾಟಿತ್ತು, ಉಗುರು ಒತ್ತಿ ಬಿಟ್ರ 2 ಸೆಕೆಂಡಿನೊಳಗ ರಕ್ತ ತಿರುಗಿ ಬರಲಿಲ್ಲ, ಹೇಳಿದ್ದು ತಿಳೀಲಿಲ್ಲ, ಇದರಾಗ ಒಂದು ಇದ್ರೂ ಕೆಂಪು, ಅವರನ್ನ ಮೊದಲು ನೋಡ್ತೀವಿ. ಅವರ ಸಂಬಂಧಿಕರು ಯಾರು, ಯಾರು ಎದಿ ಬಡಕೊಳ್ಳಕತ್ತಾರ, ನಮಗ ಬೇಕಾಗಿಲ್ಲ. ಕಲ್ಲು ಮನಸ್ಸು ಅಂತ ನಮಗ ಬೈತಾರ, ಬೈಲಿ.

ಆದ್ರ ಸೇಡಂ ತಮ್ಮಾ, ಬರೇ ಚಾರ್ಟಿನ ಮ್ಯಾಲೂ ನಡಿಯಂಗಿಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ, ಹೊರಗ ಬೆಂಕಿ ಮಳಿ ಆದಂಗ ಬಿಸಲು. ಮಣಿಕಟ್ಟು ಮುರಕೊಂಡ ಹುಡುಗನ ಸುತ್ತ ಇಡೀ ಓಣಿ ನಿಂತಿತ್ತು, ಅವ ಒದರೋದು ಗೇಟಿನ ತನಕ ಕೇಳತಿತ್ತು. ಬಾಜೂದ ಬೆಂಚಿನ ಮ್ಯಾಲ ಶಹಾಬಾದ ಕಡಿ ಕಲ್ಲಿನ ಖಣಿ ಕೆಲಸದವ ಒಬ್ಬ ಟವೆಲ್ ತಲಿ ಮ್ಯಾಲ ಹಾಕೊಂಡು ಕೂತಿದ್ದ. ಸಂಗಡ ಬಂದವ ಚೀಟಿ ಮಾಡಸಲಿಕ್ಕ ಸಾಲಿನಾಗ ನಿಂತಿದ್ದ. ನಾ ಹಾದು ಹೋಗುವಾಗ ಅವನ ಕೂತ ರೀತಿ ಯಾಕೋ ಸರಿ ಕಾಣಲಿಲ್ಲ, ಎದ್ಯಾಗ ಧಸಕ್ ಅಂತು. ಕೈ ಮುಟ್ಟಿದ್ರ ಮೈ ಕಾದ ಹೆಂಚು, ಒಂದು ಹನಿ ಬೆವರಿಲ್ಲ. ಹೆಸರು ಕೇಳಿದ್ರ ಏನೇನೋ ತೊದಲಿದ. ಬಿಸಲಿನ ಹೊಡತ. ಅವನ್ನ ಮೊದಲು ಒಳಗ ತಗೊಂಡ್ವಿ, ನೀರು ಸುರಿದ್ವಿ, ಐಸ್ ಇಟ್ವಿ, ಫ್ಯಾನ್ ಹಚ್ಚಿದ್ವಿ. ಮಣಿಕಟ್ಟಿನವರು ನನಗ ಬೈದದ್ದು ಬೈದದ್ದೇ. ಖಣಿಯವ ಉಳದ.

ಆ ಧಸಕ್ ಅಂದದ್ದು ಏನ್ರಿ? ತರ್ಕ ಅಲ್ಲ, ತರ್ಕ ಮಾಡಲಿಕ್ಕ ಟೈಮೇ ಇದ್ದಿಲ್ಲ. ಆದ್ರ ಹೊಸದಾಗಿ ಡ್ಯೂಟಿಗಿ ಬಂದಾಗ ನನಗ ಅಂಥಲ್ಲಿ ಧಸಕ್ ಅಂತಿದ್ದಿಲ್ಲ, ಒದರೋರ ಕಡಿನೇ ಓಡತಿದ್ದೆ, ಎಲ್ಲಾ ಹೊಸ ಸಿಸ್ಟರ್‌ಗಳೂ ಹಂಗೇ. ಸೀನಿಯರ್ ಸಿಸ್ಟರ್ ತೋರಿಸಿ ತೋರಿಸಿ, ಎಲ್ಲಿ ಅಂಜಬೇಕು ಅನ್ನೋದನ್ನ ಎದಿಗೇ ಕಲಸ್ಯಾರ. ಅಕ್ಕಾರ, ನಿಮ್ಮ ಸಂಘದವರ ಮನಸ್ಸು ಖರಾಬ್ ಇಲ್ಲ. ಅದಕ್ಕ ಇನ್ನೂ ಯಾರೂ ಏನೂ ಕಲಸಿಲ್ಲ, ಅಷ್ಟೇ.

ಹಳೇ ಮಾಸ್ತರ (ಬೀದರ್)

ಸಿಸ್ಟರ್, ನಾನು ವರ್ಷಗಟ್ಟಲೆ ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ನೀವು ಹೇಳಿದ್ದು ಚೆನ್ನಾಗಿದೆ.

ಎಕ್ಸೆಲ್ ಹುಡುಗನಿಗೆ ಒಂದು ಮಾತು. ನರವಿಜ್ಞಾನಿ ಆಂಟೋನಿಯೋ ಡಮಾಸಿಯೋ 1994ರಲ್ಲಿ ತನ್ನ ಒಬ್ಬ ರೋಗಿಯ ಬಗ್ಗೆ ಬರೆದ. ಎಲಿಯಟ್ ಅಂತ ಹೆಸರಿಟ್ಟ. ಮಿದುಳಿನ ಮುಂಭಾಗದ ಗಡ್ಡೆ ತೆಗೆದ ಮೇಲೆ ಅವನ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಕಾಗದದ ಮೇಲೆ ಕೊಟ್ಟ ನೈತಿಕ ಸಮಸ್ಯೆಗಳಿಗೂ ಸರಿಯಾದ ಉತ್ತರ ಕೊಡುತ್ತಿದ್ದ. ಹೋದದ್ದು ಭಾವನೆ ಮಾತ್ರ. ಅಂಥವನಿಗೆ ಆಫೀಸಿನ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದಕ್ಕೇ ಮಧ್ಯಾಹ್ನವೆಲ್ಲ ಹೋಗುತ್ತಿತ್ತು. ಕೆಲಸ ಹೋಯಿತು, ಸಂಸಾರ ಮುರಿಯಿತು. ನಿಮ್ಮ ಶೀಟಿನಲ್ಲಿ ಯಾವ ಕಾಲಮ್ಮಿಗೆ ಎಷ್ಟು ಅಂಕ ಅಂತ ಇಡುವವರು ಯಾರು? ಏನೋ ಒಂದು ಮುಖ್ಯ ಅನ್ನಿಸಿದವರೇ ತಾನೆ?

ಗಂಜ್ ಕಾಕಾರವರ ಮಾತಿಗೂ ಪಂಡಿತರ ಸಾಕ್ಷಿ ಇದೆ. ಮನೋವಿಜ್ಞಾನಿ ಜೊನಾಥನ್ ಹೈಟ್ 2001ರಲ್ಲಿ ವಾದಿಸಿದ್ದು ಇದು: ಮನಸ್ಸು ಮೊದಲು ತೀರ್ಪು ಕೊಟ್ಟುಬಿಡುತ್ತದೆ, ಬುದ್ಧಿ ಆಮೇಲೆ ವಕೀಲನ ಹಾಗೆ ಬಂದು ಕಾರಣ ಹುಡುಕುತ್ತದೆ. ಸಭೆಯನ್ನೇ ನೋಡಿ. ದೊಡ್ಡಾಕಿಯ ಮಾತಿನ ಧಾಟಿ ಹಿಡಿಸಲಿಲ್ಲ, ಅದು ಮೊದಲು. "ರೂಲ್ ಅಂದ್ರ ರೂಲ್" ಬಂದದ್ದು ಆಮೇಲೆ. ಅರ್ಧ ಗಂಟೆ ಮೊದಲು ಅದೇ ರೂಲ್ ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಅಲ್ಲಿ ಒಬ್ಬಳಿಗೆ ಕರುಣೆ, ಇನ್ನೊಬ್ಬಳಿಗೆ ನ್ಯಾಯ ಸಿಕ್ಕಿತು ಅಂತ ನಾನು ಒಪ್ಪುವುದಿಲ್ಲ. ಇಬ್ಬರ ಮೇಲೂ ತೀರ್ಪು ಕೊಟ್ಟದ್ದು ಮನಸ್ಸೇ.

ಪುಸ್ತಕ ಬರಿಯಾಕಿ (ಆಳಂದ ತಾಲ್ಲೂಕು)

ಮಾಸ್ತರ್ರ, ಕೊನಿಗಿ ಹೇಳಿದ್ದು ನಾ ಯೋಚನೆ ಮಾಡಿದ್ದಿಲ್ಲ. ಖರೆ ಅದ. ಕಾಕಾ, ಸಣ್ಣಾಕಿ ಮಾಫಿ ಕಿತ್ತಸೋ ವಿಚಾರ ನನಗಿಲ್ಲ, ಚಿಂತಿ ಮಾಡಬ್ಯಾಡ್ರಿ.

ಸಿಸ್ಟರ್ ಬರದದ್ದನ್ನ ಅತ್ತಿಗಿ ಓದಿ ಹೇಳಿದೆ. ಖಣಿಯವನ ಕತಿ ಕೇಳಿ ಸುಮ್ನಾದಳು. ರೊಟ್ಟಿ ಬಡಿಯೂತ ಬಡಿಯೂತ ಆಮ್ಯಾಲ ಅಂದಳು: "ಅಕಿ ಗಂಡ ಸತ್ತಾಗೂ ಅತ್ತಿದ್ದಿಲ್ಲ ನೋಡು, ಹೆಣ ಎತ್ತೋ ಮಂದಿಗಿ ನೀರು ಕೊಡೂತ ಅಡ್ಡಾಡಿದ್ದಳು." ಹಂಗಾದ್ರ ಅಕಿ ಎಲ್ಲಿ ಅತ್ತಿರಬೇಕು ಅಂತ ನಾ ಕೇಳಿದೆ. ಅತ್ತಿ ಉತ್ತರ ಕೊಡಲಿಲ್ಲ, ಆದ್ರ ಮುಂದಿನ ಸಭಾದಾಗ ಮಾತು ತೆಗೀತೀನಿ ಅಂದಾಳ. ನಾ ಬರಿಯಾಕಿ, ಅಕಿ ಮಾತಾಡಾಕಿ.

ಠರಾವು ಹಿಂಗ ಬರೀಬೇಕು ಅಂತ ಮಾಡೀವಿ: "ಕಂತು ತಪ್ಪಿದವರ ಮನೆಗೆ ಸಭೆಗಿಂತ ಮೊದಲು ಇಬ್ಬರು ಸದಸ್ಯರು ಹೋಗಿ ನೋಡಿ ಬರುವುದು. ಬೆಳೆ, ದುಡಿಯುವವರು, ದವಾಖಾನೆ ಖರ್ಚು, ಬೇರೆ ಸಾಲ, ಈ ನಾಲ್ಕನ್ನು ಎಲ್ಲರಿಗೂ ಕೇಳುವುದು. ನೋಡಿ ಬಂದವರು ಹೇಳಿದ ಮೇಲೆ ದಂಡ, ಮಾಫಿ ತೀರ್ಮಾನಿಸುವುದು." ಸೇಡಂ ತಮ್ಮನ ಕಾಲಮ್ ತಗೊಂಡೀವಿ, ಅಂಕ ತಗೊಂಡಿಲ್ಲ. ಹೋದ ತಿಂಗಳ 150ಕ್ಕೂ ಇದು ಹತ್ತಬೇಕು ಅಂತ ಅತ್ತಿ ಹಟ.

ಗಂಜ್ ಕಾಕಾ (ಯಾದಗಿರಿ)

ಛಲೋ ಆಯ್ತು. ಆದ್ರ ಆ ಇಬ್ಬರು ಯಾರು ಅಂತ ಯಾರು ಆರಸ್ತಾರವ್ವಾ? ವಾರಗಿತ್ತಿ ಮನಿಗಿ ವಾರಗಿತ್ತಿನೇ ಹೋದ್ರ ಏನು ಹೇಳ್ಯಾಳು?

ಪುಸ್ತಕ ಬರಿಯಾಕಿ (ಆಳಂದ ತಾಲ್ಲೂಕು)

ಚೀಟಿ ಎತ್ತೂದ್ರಿ ಕಾಕಾ. ವಾರಗಿತ್ತಿ, ನಾದಿನಿ, ಗ್ವಾಡಿಗಿ ಗ್ವಾಡಿ ಹತ್ತಿದ ಮನಿಯವರ ಹೆಸರು ಬಂದ್ರ ತಿರುಗಿ ಎತ್ತೂದು. ಇಪ್ಪತ್ತು ಮಂದಿ ಸಂಘದಾಗ ಅಂಥವರು ಯಾರೂ ಅಲ್ಲದ ಇಬ್ಬರು ಸಿಗಬೇಕಲ್ಲ, ಅದೇ ಈಗ ನೋಡಬೇಕಾಗ್ಯದ.