ಅಪ್‌ಡೇಟ್: ಮಗಳ ಅಕ್ಷರ ಗೊಂದಲಕ್ಕೆ ಮನೆಯಾಟ

ಮಗಳು ಪ, ಷ, ಫ ಅದಲುಬದಲು ಮಾಡುತ್ತಾಳೆ, ಮನೆಯಲ್ಲೇ ಆಡಿಸುವ ಆಟ ಹೇಳಿ ಅಂತ ಕೇಳಿದ್ದೆ. ಶಿವಮೊಗ್ಗದಲ್ಲಿ ಕಣ್ಣು ತೋರಿಸಿದೆವು, ದೃಷ್ಟಿ ಸರಿಯಾಗಿದೆ. ಕಣ್ಣಿಗೆ ಕಂಡದ್ದನ್ನು ಮಿದುಳು ಬಿಡಿಸಿ ಗುರುತಿಸುವುದು ಬೇರೆಯೇ ಕೆಲಸ, ಅಲ್ವಾ?

ನಮ್ಮದು ತೀರ್ಥಹಳ್ಳಿ ಕಡೆ, ಮಳೆ ಹಿಡಿದರೆ ಮನೆಯೊಳಗೇ ಆಟ. ಅವಳಿಗೆ ಜಾಸ್ತಿ ಹಿಡಿಸಿದ್ದು ಎಲೆ ಆಟ. ವೀಳ್ಯದೆಲೆ, ಕಾಳುಮೆಣಸಿನ ಎಲೆ ಎರಡನ್ನೂ ಕಲೆಸಿ ಜಗಲಿಯಲ್ಲಿ ಹರಡಿದರೆ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ, ಇವಳು ಒಂದೊಂದನ್ನೂ ಬೆಳಕಿಗೆ ಹಿಡಿದು, ನರ ನೋಡಿ, ದಪ್ಪ ಮುಟ್ಟಿ ನೋಡಿ ಬೇರೆ ಮಾಡುತ್ತಾಳೆ. ತಟ್ಟೆಯಲ್ಲಿ ಸಾಮಾನಿಟ್ಟು, ಬಟ್ಟೆ ಮುಚ್ಚಿ, ಒಂದನ್ನು ತೆಗೆದು ಯಾವುದು ಹೋಯ್ತು ಅಂತ ಕೇಳುವುದೂ ಚೆನ್ನಾಗಿದೆ, ನೆನಪಿಗೆ ಒಳ್ಳೆಯದು. ಚುಕ್ಕಿ ರಂಗೋಲಿ ನೋಡಿ ಬರೆಯುವುದು ಮಾತ್ರ ಇನ್ನೂ ಕಷ್ಟ.

ಷ ಈಗ ಸರಿಯಾಗಿ ಗುರುತಿಸುತ್ತಾಳೆ, ಫ ಇನ್ನೂ ತಪ್ಪುತ್ತದೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.