ಇಂಗ್ಲಿಷ್ ಕಲಿಯುವ ಆಪ್‌ಗೆ ದುಡ್ಡು ಕೊಡಬಹುದಾ? ಬಳಸಿದವರು ಹೇಳಿ

ಬದಿಯಡ್ಕದಿಂದ:
ಹತ್ತನೇ ತನಕ ಕನ್ನಡ ಮಾಧ್ಯಮ, ಪ್ಲಸ್ ಟು ಹೇಗೋ ಮುಗಿಯಿತು. ಈಗ ಬಿಎಸ್ಸಿ ಮೊದಲ ವರ್ಷ. ಪಾಠ ಅರ್ಥ ಆಗುತ್ತದೆ, ಎದ್ದು ಉತ್ತರ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಫೋನಲ್ಲಿ ಉಚಿತ ಆಪ್ ಒಂದು ಉಂಟು, ವರ್ಷದ ಪ್ಲ್ಯಾನ್ ತಗೊಂಡರೆ ಉಪಯೋಗ ಇದೆಯಾ? ಅಕ್ಕಂದಿರು, ಅಣ್ಣಂದಿರು ಹೇಳಿ.

ಪೆರಿಯದಿಂದ:
ತಂಗೀ, ಈಗಲೇ ದುಡ್ಡು ಕೊಡಬೇಡ. ನಾನು ಇಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಜಿ ಮಾಡುತ್ತಿದ್ದೇನೆ. ಹಾಸ್ಟೆಲಿನಲ್ಲಿ ಸುಮಾರು ಜನರ ಫೋನಲ್ಲಿ ಡುಯೊಲಿಂಗೊ ಅಂತ ಭಾಷೆ ಕಲಿಯುವ ಆಪ್ ಉಂಟು. ಹೇಗಿದೆ ಅಂದರೆ ಎಲ್ಲರೂ ಲಾಯ್ಕುಂಟು ಅಂತಲೇ ಹೇಳುತ್ತಾರೆ. ಎಂತ ಲಾಯ್ಕು ಅಂತ ಕೇಳಿ ನೋಡು. ಸ್ಟ್ರೀಕ್ (ಒಂದು ದಿನವೂ ಬಿಡದೆ ಮಾಡಿದ ಲೆಕ್ಕ) ತುಂಡಾಗಲಿಲ್ಲ, ಲೀಗಿನಲ್ಲಿ, ಅಂದರೆ ಪಾಯಿಂಟಿನ ಪೈಪೋಟಿಯಲ್ಲಿ, ಮೇಲೆ ಹೋದೆ, ಇದೇ ಉತ್ತರ. ಆ ಖುಷಿ ಸುಳ್ಳಲ್ಲ, ಆದರೆ ಅದು ಆಟದ ಖುಷಿ. ಪದ ಜೋಡಿಸುವುದು, ನಾಲ್ಕರಲ್ಲಿ ಒಂದನ್ನು ಒತ್ತುವುದು, ಇದರಲ್ಲೆಲ್ಲಾ ಉತ್ತರ ಕಣ್ಣೆದುರೇ ಇರುತ್ತದೆ. ಕ್ಲಾಸಲ್ಲಿ ಸರ್ ಹೆಸರು ಕರೆದಾಗ ಎದುರಿಗೆ ಏನೂ ಇರುವುದಿಲ್ಲ, ಅಲ್ವಾ? ನೀನು ಸಿಕ್ಕಿಬೀಳುವುದು ಅಲ್ಲಿ.

ಆದರೂ ಆಪ್ ತೆಗೆದು ಬಿಸಾಡು ಅಂತ ಹೇಳುವುದಿಲ್ಲ. ಅದರ ಎದುರು ನಾಚಿಕೆ ಇಲ್ಲ, ತಪ್ಪಿದರೆ ನಗುವವರಿಲ್ಲ. ನಮ್ಮ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ನಾವು ಇಂಗ್ಲಿಷ್ ಬಂದಾಗ ಮಾತ್ರ ಯಾಕೋ ಹೆದರುತ್ತೇವೆ, ಆ ಹೆದರಿಕೆ ಬಿಡಿಸಲಿಕ್ಕೆ ಅದು ಸಾಕು. ಒಂದು ಮಾತ್ರ ನೋಡಿಕೋ. ಕೆಲವದರಲ್ಲಿ ವಿವರಣೆ ಹಿಂದಿಯಲ್ಲಿ ಇರುತ್ತದೆ. ಹಿಂದಿ ಬಿಡಿಸಿಕೊಂಡು ಇಂಗ್ಲಿಷ್ ಕಲಿಯುವುದು ಸುಮ್ನೆ ಎರಡು ಕೆಲಸ. ಕನ್ನಡ ಉಂಟಾ ಅಂತ ಮೊದಲೇ ನೋಡು.

ನನಗೆ ಜಾಸ್ತಿ ಉಪಕಾರ ಆದದ್ದು ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್'. ಉಚಿತ. ಇಬ್ಬರು ಕೂತು ಒಂದು ವಿಷಯ ಮಾತಾಡುತ್ತಾರೆ, ಮಾತಾಡಿದ್ದರ ಬರಹವೂ ಸಿಗುತ್ತದೆ. ಮೊದಲು ಬರಹ ನೋಡದೆ ಕೇಳು, ಆಮೇಲೆ ನೋಡಿಕೊಂಡು ಕೇಳು, ಮತ್ತೆ ವಾಕ್ಯಕ್ಕೊಮ್ಮೆ ನಿಲ್ಲಿಸಿ ಅದನ್ನೇ ಜೋರಾಗಿ ಹೇಳು. ಬೋರು ಹೊಡೆಯುತ್ತದೆ, ಗೊತ್ತು. ಬಾಯಿ ತಿರುಗುವುದು ಇದರಲ್ಲೇ. ಕನ್ನಡದಲ್ಲಿ ಹೊಳೆದ ಮಾತಿಗೆ ಇಂಗ್ಲಿಷ್ ಸಿಗದಿದ್ದರೆ ವಿ. ಕೃಷ್ಣ ಅವರ 'ಅಲರ್' ನಿಘಂಟು ಆನ್‌ಲೈನಿನಲ್ಲಿ ಉಂಟು, ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕನ್ನಡ ಪದಗಳಿವೆ.

ಉಪ್ಪಳದಿಂದ:
ದುಡ್ಡಿನ ವಿಷಯ ನಾನು ಹೇಳುತ್ತೇನೆ ಮಾರಾಯ್ತಿ. ಹೆಸರು ಬೇಡ, ಒಂದು ಆಪ್‌ನಲ್ಲಿ ಏಳು ದಿನ ಉಚಿತ ಅಂತ ಒತ್ತಿದೆ. ಎಂಟನೇ ದಿನ ವರ್ಷದ ಹಣ ಖಾತೆಯಿಂದ ಹೋಯಿತು! ಆಪ್ ಡಿಲೀಟ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ಯುಪಿಐಯಲ್ಲಿ ಆಟೋಪೇ ಕೊಟ್ಟಿದ್ದರೆ ಅಲ್ಲಿಯೂ ನೋಡು. ಈಗ ನಾನು ಕೊಣಾಜೆಗೆ ಹೋಗುವಾಗ ಬಸ್ಸಲ್ಲಿ ದಿನಾ ಆ್ಯಂಕಿ ತೆರೆಯುತ್ತೇನೆ, ಕಾರ್ಡು ತೋರಿಸಿ ಪದ ನೆನಪಿಡಿಸುವ ಆಪ್ ಅದು. ಮರೆತ ಪದದ ಕಾರ್ಡು ಮತ್ತೆ ಬೇಗ ಬರುತ್ತದೆ, ನೆನಪಿದ್ದದ್ದು ತಡವಾಗಿ ಬರುತ್ತದೆ. ಆಂಡ್ರಾಯ್ಡಿನಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು ಕೊಡಬೇಕು. ನೋಡಲಿಕ್ಕೆ ಚಂದ ಏನಿಲ್ಲ.

ಕುಂಬಳೆಯಿಂದ:
ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಬಿಟ್ಟುಹೋಯಿತು. ಈ ಆಪ್‌ಗಳಲ್ಲಿ ಹೋಟೆಲಿನಲ್ಲಿ ಕಾಫಿ ಕೇಳುವುದು, ಏರ್‌ಪೋರ್ಟಿನಲ್ಲಿ ದಾರಿ ಕೇಳುವುದು ಇಂಥದ್ದೇ ಜಾಸ್ತಿ. ನಿಮಗೆ ಬೇಕಾದದ್ದು ಲ್ಯಾಬಿನಲ್ಲಿ ವೈವಾಕ್ಕೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಉತ್ತರ ಹೇಳುವುದು. ಹಾಗಾಗಿ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡನ್ನೇ ಪಾಠ ಮಾಡಿಕೊಳ್ಳಿ. ಒಂದು ಪ್ರಯೋಗ ತಗೊಂಡು, ಏನು ಮಾಡಿದೆ, ಯಾಕೆ ಮಾಡಿದೆ ಅಂತ ಪುಸ್ತಕ ಮುಚ್ಚಿ ಫೋನಿನ ರೆಕಾರ್ಡರಿಗೆ ಹೇಳಿ. ಕೇಳಿದರೆ ಎಲ್ಲಿ ತಡವರಿಸಿದ್ದು ಅಂತ ನಿಮಗೇ ಗೊತ್ತಾಗುತ್ತದೆ. ವ್ಯಾಕರಣ ತಪ್ಪಿದರೆ ಚಿಂತೆ ಬೇಡ, ವಿಷಯ ಸರಿ ಇದ್ದರೆ ನಾವು ಯಾರೂ ಮಾರ್ಕು ಕಡಿಯುವುದಿಲ್ಲ. ನಿಮ್ಮ ಮೇಯಿನ್ ವಿಷಯ ಯಾವುದು ಅಂತ ನೀವು ಬರೆಯಲಿಲ್ಲ. ಕೆಮಿಸ್ಟ್ರಿ ಆದರೆ ವೈವಾದಲ್ಲಿ ನಾವು ಕೇಳುವ ಪ್ರಶ್ನೆಗಳ ಪಟ್ಟಿ ನನ್ನ ಹತ್ತಿರ ಉಂಟು, ಬೇಕಾದರೆ ಹೇಳಿ, ಇಲ್ಲಿ ಹಾಕುತ್ತೇನೆ.